ಮಿಕ್ಸಿಗೆ ಹಾಕುವ ಮೊದಲು: ವಯಸ್ಸಾದವರ ದವಡೆ ವ್ಯಾಯಾಮ, ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯ ಮನೆಗಳಿಗೆ ಹೋಗಿ ಹಿರಿಯರಿಗೆ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಮಂಡಿ, ಸೊಂಟ, ಬಿದ್ದು ಮುರಿದ ಕಾಲು ಅಂತ ಕರೆಸುತ್ತಾರೆ. ಕೆಲಸ ಮುಗಿಸಿ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಮಗಳೋ ಸೊಸೆಯೋ ಜಗುಲಿವರೆಗೆ ಬಂದು ಮೆಲ್ಲಗೆ ಕೇಳುತ್ತಾರೆ: "ಅತ್ತೆ ಈಗ ಏನೂ ಅಗಿಯೋದೇ ಇಲ್ಲ, ಎಲ್ಲಾ ಮಿಕ್ಸಿಗೆ ಹಾಕಿ ಕೊಡ್ತಿದೀವಿ. ಸರಿನಾ?" ಅಲ್ಲೇ ನಿಂತು ಅರ್ಧ ಗಂಟೆ ಮಾತಾಡಿದ್ದೂ ಇದೆ. ಹಾಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟುಮಾಡಿದ್ದೇನೆ.

ಅಗಿಯೋಕೆ ಆಗದಿದ್ದರೆ ರುಬ್ಬಿ ಕೊಟ್ಟರಾಯ್ತು. ಈ ವಯಸ್ಸಲ್ಲಿ ದವಡೆಗೆ ವ್ಯಾಯಾಮ ಯಾಕೆ?

ದವಡೆಯೂ ಮಾಂಸಖಂಡದಿಂದಲೇ ನಡೆಯುವುದು. ಹಲ್ಲು ಕಚ್ಚಿ ಹಿಡಿದು, ಕಿವಿಯ ಮುಂದೆ ಕೆನ್ನೆ ಮುಟ್ಟಿ ನೋಡಿ. ಗಟ್ಟಿಯಾಗಿ ಉಬ್ಬುತ್ತದಲ್ಲ, ಅದಕ್ಕೆ ಮಸೀಟರ್ ಅಂತ ಹೆಸರು. ಹಣೆಯ ಪಕ್ಕ, ಕಣ್ಣಿನ ತುದಿಯಿಂದ ಸ್ವಲ್ಪ ಮೇಲೆ ಬೆರಳಿಟ್ಟರೆ ಇನ್ನೊಂದು ಮಿಸುಕುತ್ತದೆ, ಅದು ಟೆಂಪೊರಾಲಿಸ್. ಒಂದು ತಿಂಗಳು ಹಾಸಿಗೆ ಹಿಡಿದರೆ ತೊಡೆ ಸೊರಗುವುದನ್ನು ನೋಡಿರುತ್ತೀರಿ. ಕೆಲಸ ಕೊಡದಿದ್ದರೆ ಇವೂ ಹಾಗೇ ಸೊರಗುತ್ತವೆ. ಅದಕ್ಕೇ ಮಿಕ್ಸಿ ವಿಷಯದಲ್ಲಿ ನನಗೆ ಭಯ. ಪ್ರೀತಿಯಿಂದಲೇ ರುಬ್ಬಿ ಕೊಡುತ್ತೀರಿ, ಅದು ನನಗೆ ಗೊತ್ತು. ಆದರೆ ರುಬ್ಬಿದ್ದು ಎರಡು ತುತ್ತಿಗೇ ಬೇಜಾರು ಬರುತ್ತದೆ, ಊಟ ಕಡಿಮೆ ಆಗುತ್ತದೆ, ಮೈ ಇಳಿಯುತ್ತದೆ, ಮೈ ಇಳಿದಾಗ ದವಡೆಯ ಶಕ್ತಿ ಇನ್ನೂ ಇಳಿಯುತ್ತದೆ, ಆಮೇಲೆ ಇದ್ದ ಮೆತ್ತನೆ ಅನ್ನವೂ ಕಷ್ಟವಾಗಿ ಬರೀ ಗಂಜಿ ತಿಳಿಗೆ ಬಂದು ನಿಲ್ಲುತ್ತದೆ.

ಜಪಾನಿನವರು ಈ ವಿಷಯವನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡಿದ್ದಾರೆ. 80ನೇ ವಯಸ್ಸಿಗೂ 20 ಹಲ್ಲು ಉಳಿಸಿಕೊಳ್ಳಿ ಅಂತ 1989ರಲ್ಲೇ '8020' ಅಂತ ಆಂದೋಲನ ಶುರು ಮಾಡಿದರು. ಮೈ ಸೊರಗುವ ಹಾಗೆ ಬಾಯಿಯೂ ಸೊರಗುತ್ತದೆ, ಬೇಗ ಹಿಡಿದರೆ ಸ್ವಲ್ಪ ಮಟ್ಟಿಗೆ ಹಿಂದಕ್ಕೆ ತರಬಹುದು ಅಂತ ಹೇಳಿಕೊಡುವವರೂ ಅವರೇ.

ಶಕ್ತಿ ಕಡಿಮೆಯಾಗಿದೆ ಅಂತ ಮನೆಯಲ್ಲಿ ಹೇಗೆ ಗೊತ್ತಾಗುತ್ತೆ?

ನಮ್ಮ ಕಡೆ ಒಂದು ಗುರುತು ಇದೆ. ಅಪ್ಪಯ್ಯ ಕವಳವನ್ನು (ಎಲೆ ಅಡಿಕೆ) ಕುಟ್ಟಿಸಿಕೊಳ್ಳಲು ಶುರು ಮಾಡಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಕುಟ್ಟಾಣಿ ಮನೆಗೆ ಬಂದ ದಿನವೇ ದವಡೆ ಸೋಲತೊಡಗಿದೆ ಅಂತ ಲೆಕ್ಕ. ನಾವು ಅದನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ.

ತಟ್ಟೆಯ ಬದಿ ನೋಡಿ. ಬಸಳೆ ದಂಟಿನ ನಾರು, ಬದನೆ ಸಿಪ್ಪೆ ಉಗಿದಿಟ್ಟಿದ್ದಾರಾ? ಮೊದಲು 20 ನಿಮಿಷದಲ್ಲಿ ಮುಗಿಯುತ್ತಿದ್ದ ಊಟ ಈಗ 45 ನಿಮಿಷ ಆಗುತ್ತಿದೆಯಾ? ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿನ್ನುವುದೇ ಇಲ್ಲವಾ? ಊಟ ಆದ ಮೇಲೂ ಕೆನ್ನೆಯೊಳಗೆ ಅನ್ನ ಕೂತಿರುತ್ತಾ? ಸೀರೆ, ಪಂಚೆ, ಬಳೆ ಸಡಿಲ ಆಗಿವೆಯಾ? ಇದರಲ್ಲಿ ಎರಡು ಹೌದು ಅಂತಾದರೂ ಗಮನ ಕೊಡಿ.

ಇನ್ನೆರಡು ಸುಲಭದ ಪರೀಕ್ಷೆ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ಹಿಡಿಸಿದರೆ ಬಾಯಿ ಸಾಕಷ್ಟು ತೆರೆಯುತ್ತದೆ. ಇನ್ನೊಂದು, 'ಟ ಟ ಟ ಟ' ಅಂತ ಐದು ಸೆಕೆಂಡ್ ಬೇಗ ಬೇಗ ಹೇಳಿಸಿ ಎಣಿಸಿ. ಜಪಾನಿನ ದಂತ ವೈದ್ಯರು ಸೆಕೆಂಡಿಗೆ 6ಕ್ಕಿಂತ ಕಡಿಮೆ ಆದರೆ ನಾಲಿಗೆಯ ಚುರುಕು ಕಡಿಮೆ ಆಗಿದೆ ಅಂತ ಹಿಡಿಯುತ್ತಾರೆ.

ಮೊದಲು ವ್ಯಾಯಾಮ ಮಾಡಿಸಬೇಕಾ, ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಬೇಕಾ?

ಮೊದಲು ಬಾಯಿ ತೋರಿಸಿ. ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತದ್ದು, ಅದೂ ತಡವಾಗಿ.

ನಮ್ಮ ಅಜ್ಜಿ ಊಟ ಬಿಡತೊಡಗಿದಾಗ 'ವಯಸ್ಸಾಯ್ತಲ್ಲ' ಅಂದೆವು. ಆರು ತಿಂಗಳು ಗಂಜಿ, ರುಬ್ಬಿದ ಅನ್ನ, ರಾಗಿ ಮಣ್ಣಿ. ಒಂದಿನ ಕಿಟಕಿಯ ಮೇಲಿನ ಡಬ್ಬಿಯಲ್ಲಿ ಅವರ ಹಲ್ಲಿನ ಸೆಟ್ ಸಿಕ್ಕಿತು. ಮೈ ಇಳಿದಿದ್ದರಿಂದ ಸೆಟ್ ಸಡಿಲ ಆಗಿತ್ತು, ಒಸಡಿಗೆ ಉಜ್ಜಿ ಹುಣ್ಣಾಗಿತ್ತು, ಸುಮ್ನೆ ತೆಗೆದಿಟ್ಟುಬಿಟ್ಟಿದ್ದರು. ನಮಗೆ ಖರ್ಚಾಗುತ್ತದೆ ಅಂತ ಹೇಳಿರಲಿಲ್ಲ. ನಾವೂ ಬಾಯಿ ತೆರೆಸಿ ನೋಡಿರಲಿಲ್ಲ. ಆಮೇಲೆ ಹಲ್ಲಿನ ಡಾಕ್ಟರು ಸೆಟ್ಟಿನ ಒಳಗಡೆ ಹೊಸ ಪದರ ಕೊಟ್ಟು ಬಿಗಿ ಮಾಡಿದರು, ಹುಣ್ಣು ಮಾಯಿತು, ಎರಡು ತಿಂಗಳಲ್ಲಿ ನೀರುದೋಸೆ, ಕಡುಬು ತಿನ್ನುವಷ್ಟಾದರು. ಆ ಆರು ತಿಂಗಳು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಹಾಗಾಗಿ ಅಲ್ಲಾಡುವ ಹಲ್ಲು, ಒಸಡಿನ ಹುಣ್ಣು, ಸಡಿಲ ಸೆಟ್, ನಾಲಿಗೆ ಮೇಲೆ ಬಿಳಿ ಪೊರೆ ಇದೆಯಾ ಅಂತ ಮೊದಲು ನೋಡಿ. ನೋವಿರುವ ಬಾಯಿಗೆ ವ್ಯಾಯಾಮ ಮಾಡಿಸಿದರೆ ಹಿಂಸೆ ಅಷ್ಟೇ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಕರ್ನಾಟಕ ಸರ್ಕಾರ 'ದಂತಭಾಗ್ಯ' ಅಂತ ಯೋಜನೆ ತಂದಿತ್ತು. ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಯಾರಿಗೆ ಮಾಡಿಸಬಾರದು?

ದವಡೆ ಮೊದಲೊಮ್ಮೆ ಜಾರಿ ಸಿಕ್ಕಿಹಾಕಿಕೊಂಡವರಿಗೆ, ಇತ್ತೀಚೆಗೆ ಮುಖಕ್ಕೆ ಪೆಟ್ಟು ಅಥವಾ ಆಪರೇಷನ್ ಆದವರಿಗೆ, ಬಾಯಿ ತೆರೆದರೆ ಕಿವಿಯ ಹತ್ತಿರ ಜೋರು ನೋವು ಬರುವವರಿಗೆ ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ಊಟದ ಶುರುವಿನಲ್ಲಿ ಚೆನ್ನಾಗಿ ಅಗಿದು ಅರ್ಧಕ್ಕೆ ಬರುವಷ್ಟರಲ್ಲಿ ದವಡೆ ಸೋತುಹೋಗುತ್ತದೆ, ರೆಪ್ಪೆಯೂ ಇಳಿಬೀಳುತ್ತದೆ ಅಂದರೆ ಅದು ನರ ಮತ್ತು ಮಾಂಸಖಂಡದ ಕಾಯಿಲೆ ಇರಬಹುದು. ಅಲ್ಲಿ ವ್ಯಾಯಾಮ ಜಾಸ್ತಿ ಮಾಡಿಸಿದರೆ ತೊಂದರೆಯೇ ಜಾಸ್ತಿ.

ಒಂದು ಮಾತು ದಯವಿಟ್ಟು ನೆನಪಿಡಿ. ಅಗಿಯುವಾಗ ದವಡೆ ನೋವು, ಹಣೆಯ ಪಕ್ಕ ಹೊಸ ತಲೆನೋವು, ಬಾಚಣಿಗೆ ತಾಗಿದರೂ ನೋವು, ಕಣ್ಣು ಮಂಜು. ಇವು ಒಟ್ಟಿಗೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಲೆಯ ರಕ್ತನಾಳ ಊದಿಕೊಂಡಾಗ ಹೀಗಾಗುತ್ತದೆ, ತಡ ಮಾಡಿದರೆ ಕಣ್ಣೇ ಹೋಗಬಹುದು. ಹಾಗೇ, ನಾಲ್ಕು ಹೆಜ್ಜೆ ನಡೆದಾಗ ದವಡೆ ನೋಯುತ್ತದೆ, ಕೂತರೆ ಕಡಿಮೆ ಆಗುತ್ತದೆ ಅಂದರೆ ಅದು ಹೃದಯದ ನೋವೂ ಆಗಿರಬಹುದು.

ಸರಿ, ಏನೇನು ಮಾಡಿಸಬೇಕು? ಬಿಡಿಸಿ ಹೇಳಿ.

ಬೆಳಿಗ್ಗೆ ಸ್ನಾನ ಆದ ಮೇಲೆ, ತಿಂಡಿಗೆ ಮೊದಲು ಒಳ್ಳೆ ಹೊತ್ತು. ನಮ್ಮ ಮನೆಗಳಲ್ಲಿ ಬಚ್ಚಲ ಹಂಡೆಯಲ್ಲಿ ಬಿಸಿನೀರು ಹೇಗೂ ಇರುತ್ತದೆ. ಟವೆಲ್ ಅದ್ದಿ ಹಿಂಡಿ, ನಿಮ್ಮ ಕೈಗೆ ಹಿತ ಅನಿಸುವಷ್ಟು ಬಿಸಿ ಇರುವಾಗ ಎರಡೂ ಕೆನ್ನೆಗೆ ಎರಡು ಮೂರು ನಿಮಿಷ ಇಡಿ. ಮಳೆಗಾಲದ ಚಳಿಯಲ್ಲಿ ಇದೊಂದರಿಂದಲೇ ಅರ್ಧ ಬಿಗಿ ಬಿಡುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ನೆಲಕ್ಕೆ ತಾಗಿರಲಿ. ಮಲಗಿಸಿಕೊಂಡು ಮಾಡಿಸಬೇಡಿ.

ಮೊದಲು ಭುಜ ಮೇಲೆತ್ತಿ ಬಿಡುವುದು, ಕತ್ತು ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸುವುದು, ಐದೈದು ಸಲ. ತಲೆ ಸುತ್ತುವವರಿಗೆ ಕತ್ತಿನದು ಬೇಡ. ಆಮೇಲೆ ಕೆನ್ನೆಯ ಆ ಉಬ್ಬಿನ ಮೇಲೆ ಮೂರು ಬೆರಳಿಟ್ಟು ದುಂಡಗೆ ಹತ್ತು ಸಲ ತಿಕ್ಕಿ. ಹಣೆಯ ಪಕ್ಕವೂ ಹಾಗೇ.

ಈಗ ದವಡೆ. ಬಾಯಿಯನ್ನು ನೋವಾಗದಷ್ಟು ಅಗಲ ತೆರೆದು ಹಿಡಿಯಬೇಕು. ಮೊದಲ ವಾರ 3 ಸೆಕೆಂಡ್ ಸಾಕು, ಮೆಲ್ಲಗೆ 10 ಸೆಕೆಂಡಿಗೆ ಏರಿಸಿ. ಅಷ್ಟೇ ಹೊತ್ತು ಬಿಡುವು. ಒಂದು ಹೊತ್ತಿಗೆ 5 ಸಲ, ದಿನಕ್ಕೆ ಎರಡು ಹೊತ್ತು. ಹೀಗೆ 10 ಸೆಕೆಂಡ್, 5 ಸಲ, ಎರಡು ಹೊತ್ತು, 4 ವಾರ ಮಾಡಿಸಿದಾಗ ಗದ್ದದ ಕೆಳಗಿನ ಮಾಂಸಖಂಡಗಳು ಬಲವಾಗಿ ನುಂಗುವುದು ಸುಧಾರಿಸಿತು ಅಂತ 2012ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ್ದರು. ಅಗಿಯುವುದಕ್ಕೂ ನುಂಗುವುದಕ್ಕೂ ಇದು ಬೇಕು, ಅದಕ್ಕೇ ಒಂದೇ ಒಂದು ಮಾಡಿಸುತ್ತೇನೆ ಅನ್ನುವವರಿಗೆ ಇದನ್ನೇ ಹೇಳುತ್ತೇನೆ. ಬಾಯಿ ತೆರೆದು ಹಾಗೇ ಸಿಕ್ಕಿಹಾಕಿಕೊಂಡರೆ ಒತ್ತಿ ಮುಚ್ಚಲು ಹೋಗಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನದು ಕೆಳದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸುವುದು. ಅಗಿಯುವುದು ಅಂದರೆ ಬರೀ ಕಚ್ಚುವುದಲ್ಲ, ರುಬ್ಬುಕಲ್ಲಿನ ಹಾಗೆ ಪಕ್ಕಕ್ಕೂ ಸರಿಯಬೇಕು. ಹಸು ಮೆಲುಕು ಹಾಕುವುದನ್ನು ನೋಡಿ ಹಾಗೇ ಮಾಡಿ ಅಂದರೆ ಕೊಟ್ಟಿಗೆ ಇರುವ ಮನೆಯ ಅಜ್ಜಿಯರಿಗೆ ತಕ್ಷಣ ಅರ್ಥ ಆಗುತ್ತದೆ. ಪ್ರತಿ ಕಡೆಗೂ 5 ಸಲ.

ಆಮೇಲೆ ಎದುರೊತ್ತು. ಗದ್ದದ ಕೆಳಗೆ ಅವರದೇ ಮುಷ್ಟಿ ಇಟ್ಟು, ಮುಷ್ಟಿ ಮೇಲಕ್ಕೆ ಮೆಲ್ಲಗೆ ಒತ್ತುತ್ತಿರುವಾಗ ಬಾಯಿ ತೆರೆಯಬೇಕು. ಕೊನೆಗೆ ಕಚ್ಚುವುದು: ದವಡೆ ಹಲ್ಲುಗಳನ್ನು 5 ಸೆಕೆಂಡ್ ಕಚ್ಚಿ ಹಿಡಿದು 5 ಸೆಕೆಂಡ್ ಬಿಡುವುದು, 10 ಸಲ. ಪೂರ್ತಿ ಬಲ ಬೇಡ, ಅರ್ಧ ಬಲ ಸಾಕು. ಸೆಟ್ ಇರುವವರು ಸೆಟ್ ಹಾಕಿಕೊಂಡೇ ಮಾಡಲಿ, ನಡುವೆ ನಾಲ್ಕು ಮಡಿಕೆ ಮಾಡಿದ ಮೆತ್ತನೆ ಬಟ್ಟೆ ಇಡಬಹುದು, ಬಟ್ಟೆಯ ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ.

ಕೆನ್ನೆ, ನಾಲಿಗೆಗೆ ಬೇಡವಾ?

ಬೇಕೇ ಬೇಕು. ತುತ್ತನ್ನು ಹಲ್ಲಿನ ಮಧ್ಯೆ ತಂದು ನಿಲ್ಲಿಸುವುದು ನಾಲಿಗೆ ಮತ್ತು ಕೆನ್ನೆ. ಕೆನ್ನೆಗೆ ಗಾಳಿ ತುಂಬಿ ಎಡಕ್ಕೆ ಬಲಕ್ಕೆ ಓಡಿಸುವುದು, ಚಮಚದ ಹಿಂಬದಿಯನ್ನು ನಾಲಿಗೆಯಿಂದ ತಳ್ಳುವುದು, ನಾಲಿಗೆಯಿಂದ ಒಳಗಿನಿಂದ ಕೆನ್ನೆ ಉಬ್ಬಿಸುವುದು, ಐದೈದು ಸಲ.

ಜಪಾನಿನಲ್ಲಿ 'ಪ-ತ-ಕ-ರ' ಅಂತ ಹೇಳಿಸುವ ಪದ್ಧತಿ ಇದೆ. 'ಪ'ಗೆ ತುಟಿ, 'ತ'ಗೆ ನಾಲಿಗೆ ತುದಿ, 'ಕ'ಗೆ ನಾಲಿಗೆ ಬುಡ, 'ರ'ಗೆ ನಾಲಿಗೆ ಸುರುಳಿ. ನಮ್ಮವರಿಗೆ ಅದು ಬೋರು. 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯ್ತಿತ್ತು' ಅಂತ ಹೇಳಿಸಿ. ತ, ಕ, ರ, ಮ ಎಲ್ಲಾ ಅದರಲ್ಲೇ ಇದೆ, ತರೀಕೆರೆ ಪಕ್ಕದ್ದೇ ಊರು. ಮೊಮ್ಮಕ್ಕಳ ಜೊತೆ ಯಾರು ಬೇಗ ಹೇಳ್ತಾರೆ ಅಂತ ಪಂದ್ಯ ಕಟ್ಟಿದರೆ ವ್ಯಾಯಾಮ ಅಂತ ಹೇಳುವುದೇ ಬೇಡ. 'ಪ'ಗೆ ಬೇಕಾದರೆ 'ಪಟಾಕಿ ಪಟಾಕಿ' ಅಂತ ಹತ್ತು ಸಲ.

ಎಷ್ಟು ದಿನಕ್ಕೆ ಗುಣ ಕಾಣುತ್ತೆ?

ಒಂದು ವಾರದಲ್ಲಿ ಏನೂ ಕಾಣುವುದಿಲ್ಲ, ಅಲ್ಲೇ ಬಹಳ ಜನ ಬಿಡುತ್ತಾರೆ. ನಾಲ್ಕು ವಾರಕ್ಕೆ ಬಾಯಿ ತೆರೆಯುವುದು, ಮಾತು ಸ್ವಲ್ಪ ಸಲೀಸು. ಊಟದಲ್ಲಿ ಬದಲಾವಣೆ ಕಾಣಲು ಎರಡು ಮೂರು ತಿಂಗಳು ಹಿಡಿಯಿರಿ. ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ದಿನಕ್ಕೆ ಹತ್ತೇ ನಿಮಿಷ ಆದರೂ ತಪ್ಪಿಸದೆ ಮಾಡುವುದು ಮುಖ್ಯ. ಮಾರನೇ ದಿನವೂ ದವಡೆ ನೋಯುತ್ತಿದ್ದರೆ ಹಿಂದಿನ ದಿನ ಜಾಸ್ತಿ ಆಗಿದೆ ಅಂತ ಅರ್ಥ, ಅರ್ಧಕ್ಕಿಳಿಸಿ.

ಹಲ್ಲೇ ಇಲ್ಲ. ಆಗಲೂ ಉಪಯೋಗ ಇದೆಯಾ?

ಇದೆ, ಆದರೆ ಮಿತಿಯೂ ಇದೆ. ನುಂಗುವುದು, ತುತ್ತು ಸರಿಸುವುದು, ಮಾತು ಸುಧಾರಿಸುತ್ತದೆ. ಹಲ್ಲಿನ ಕೆಲಸವನ್ನು ಮಾತ್ರ ಯಾವ ವ್ಯಾಯಾಮವೂ ಮಾಡುವುದಿಲ್ಲ. ಪೂರ್ತಿ ಸೆಟ್ ಹಾಕಿಸಿಕೊಂಡರೂ ಕಚ್ಚುವ ಬಲ ಸ್ವಂತ ಹಲ್ಲಿನ ಸುಮಾರು ನಾಲ್ಕನೇ ಒಂದು ಭಾಗ ಅಷ್ಟೇ. ಹಾಗಾಗಿ ಸೆಟ್ ಬಂದ ತಕ್ಷಣ ಚಕ್ಕುಲಿ ಕೊಡಬೇಡಿ. ರಾತ್ರಿ ಸೆಟ್ ತೆಗೆದು, ಬ್ರಷ್‌ನಿಂದ ತೊಳೆದು, ನೀರಿನಲ್ಲಿ ಇಡಿ.

ಅಜ್ಜ ದಿನವಿಡೀ ಕವಳ ಹಾಕ್ತಾರೆ. ಅದೇ ದವಡೆಗೆ ವ್ಯಾಯಾಮ ಅಲ್ವಾ?

ಅಡಿಕೆ ತೋಟದ ನೆಲದಲ್ಲಿ ನಿಂತು ಇದನ್ನು ಹೇಳುವುದು ಕಷ್ಟ. ನಮ್ಮ ಮನೆಯ ಅನ್ನವೂ ಅಡಿಕೆಯದೇ. ಆದರೂ ಹೇಳಲೇಬೇಕು, ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ವರ್ಷಾನುಗಟ್ಟಲೆ ಅಗಿದವರಲ್ಲಿ ಕೆನ್ನೆಯ ಒಳಪದರ ನಾರಿನ ಹಾಗೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆ ಆಗುತ್ತದೆ, ಖಾರ ತಾಗಿದರೆ ಉರಿ. ಮೂರು ಬೆರಳು ಹಿಡಿಸದೆ ಎರಡಕ್ಕೆ ಬಂದಿದ್ದರೆ, ಬಿಳಿ ಮಚ್ಚೆ ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ, ವ್ಯಾಯಾಮ ಆಮೇಲೆ, ಮೊದಲು ಡಾಕ್ಟರು. 85ರ ಅಜ್ಜನಿಂದ ಕವಳದ ಸಂಚಿ ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಹೊಗೆಸೊಪ್ಪು ಬಿಡಿಸಿ, ಅಡಿಕೆ ಕಡಿಮೆ ಮಾಡಿಸಿ, ಕವಳ ಬಾಯಲ್ಲಿಟ್ಟುಕೊಂಡು ಮಲಗಲು ಬಿಡಬೇಡಿ.

ಚೂಯಿಂಗ್ ಗಮ್ ಕೊಡಬಹುದಾ?

ನುಂಗುವುದರಲ್ಲಿ ತೊಂದರೆ ಇಲ್ಲದ, ಬುದ್ಧಿ ಸ್ಪಷ್ಟ ಇರುವ, ಸ್ವಂತ ಹಲ್ಲಿರುವವರಿಗೆ ಸಕ್ಕರೆ ಇಲ್ಲದ್ದು ಐದು ನಿಮಿಷ ಆಗಬಹುದು. ಉಳಿದವರಿಗೆ ಬೇಡ. ಸೆಟ್ಟಿಗೆ ಅಂಟುತ್ತದೆ, ಗಂಟಲಿಗೆ ಜಾರಿದರೆ ಅಪಾಯ.

ವ್ಯಾಯಾಮದ ಜೊತೆ ಊಟ ಹೇಗಿರಬೇಕು?

ಊಟವೇ ದೊಡ್ಡ ವ್ಯಾಯಾಮ. ಇವತ್ತು ಅವರು ಸಲೀಸಾಗಿ ಅಗಿಯುವುದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿನದನ್ನು, ಹಸಿವು ಚೆನ್ನಾಗಿರುವ ಹೊತ್ತಿನಲ್ಲಿ, ಮೊದಲ ನಾಲ್ಕು ತುತ್ತು ಕೊಡಿ. ಸುಸ್ತಾದ ಮೇಲೆ ಮೆತ್ತಗಿನದಕ್ಕೆ ಬನ್ನಿ. ರುಬ್ಬಿದ ಅನ್ನದಿಂದ ಕಿವುಚಿದ ಅನ್ನ, ಅಲ್ಲಿಂದ ಮೆತ್ತಗೆ ಬೆಂದ ಅನ್ನ, ಆಮೇಲೆ ಉದ್ದಿನ ಸಾರಿನ ಜೊತೆ ಕಡುಬಿನ ಸಣ್ಣ ತುಂಡು, ನೀರುದೋಸೆ, ಕೊನೆಗೆ ತುಪ್ಪ ಸವರಿದ ಮೆತ್ತನೆ ಅಕ್ಕಿ ರೊಟ್ಟಿ.

ತುಂಡು ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದು ಬೇಡ. ಚಮಚದ ಹಿಂಬದಿಯಿಂದ ನಿಮ್ಮ ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಿ ನೋಡಿ. ನಜ್ಜಾಗಿ ಹಾಗೇ ಉಳಿದರೆ ಸರಿ, ಮತ್ತೆ ಉಬ್ಬಿ ಎದ್ದರೆ ಅದು ಇನ್ನೂ ಗಟ್ಟಿ. ಒಣ ಅವಲಕ್ಕಿ, ಮಂಡಕ್ಕಿ, ಹಲಸಿನ ಹಪ್ಪಳ, ನಾರಿನ ಕಳಲೆ, ಕಡಲೆಬೀಜ ದೂರ ಇರಲಿ. ಹಪ್ಪಳ ಇಲ್ಲದೆ ಊಟ ಇಳಿಯುವುದಿಲ್ಲ ಅನ್ನುವವರಿಗೆ ಸಾರಿನಲ್ಲಿ ಪೂರ್ತಿ ನೆನೆಸಿ ಕೊಡಿ.

ಗಂಜಿ ಬಗ್ಗೆ ಒಂದು ಎಚ್ಚರ. ತೆಳ್ಳಗಿನ ತಿಳಿಯಲ್ಲಿ ಅಗುಳು ತೇಲುವ ಗಂಜಿ ಎಲ್ಲರಿಗೂ ಸುಲಭ ಅಂದುಕೊಂಡಿದ್ದೇವೆ. ನುಂಗಲು ಕಷ್ಟ ಇರುವವರಿಗೆ ಅದೇ ಕಷ್ಟದ್ದು. ಅಗುಳನ್ನು ಅಗಿಯುತ್ತಿರುವಾಗಲೇ ನೀರು ಗಂಟಲಿಗೆ ಜಾರಿಬಿಡುತ್ತದೆ. ಗಟ್ಟಿಯಾಗಿ ಕಿವುಚಿ, ಒಂದೇ ಹದಕ್ಕೆ ತಂದು ಕೊಡಿ.

ಇನ್ನು ಪ್ರೋಟೀನ್. ಮಾಂಸಖಂಡ ಗಾಳಿಯಿಂದ ಬೆಳೆಯುವುದಿಲ್ಲವಲ್ಲ. ವಯಸ್ಸಾದವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಅಂತ ತಜ್ಞರು ಹೇಳುತ್ತಾರೆ. 45 ಕೆಜಿ ಅಜ್ಜಿಗೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಬರೀ ಗಂಜಿ ಉಪ್ಪಿನಕಾಯಿಯಿಂದ ಅಲ್ಲಿಗೆ ಮುಟ್ಟುವುದು ಸಾಧ್ಯವೇ ಇಲ್ಲ. ದಪ್ಪ ತೊವ್ವೆ, ಮೊಸರು, ಒಂದೆಲಗದ ತಂಬುಳಿ ಗಟ್ಟಿ ಮೊಸರಲ್ಲಿ, ಹೆಸರುಬೇಳೆ ಪಾಯಸ, ತಿನ್ನುವವರಿಗೆ ಮೊಟ್ಟೆ, ಮುಳ್ಳು ತೆಗೆದ ಮೀನು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ.

ಊಟ ಮಾಡುವಾಗ ಪದೇ ಪದೇ ನೆತ್ತಿಗೆ ಹತ್ತುತ್ತೆ. ವ್ಯಾಯಾಮದಿಂದ ಸರಿಹೋಗುತ್ತಾ?

ಅಪರೂಪಕ್ಕೊಮ್ಮೆ ಆದರೆ ಬೇರೆ. ದಿನಾ ಆಗುತ್ತಿದ್ದರೆ, ಊಟದ ನಂತರ ದನಿ ಗುಳುಗುಳು ಅಂತ ಒದ್ದೆಯಾಗುತ್ತಿದ್ದರೆ, ಮತ್ತೆ ಮತ್ತೆ ಕಫ ಜ್ವರ ಬರುತ್ತಿದ್ದರೆ, ಆಹಾರ ಶ್ವಾಸಕೋಶದ ಕಡೆ ಜಾರುತ್ತಿರಬಹುದು. ಪಾರ್ಶ್ವವಾಯು, ಪಾರ್ಕಿನ್ಸನ್ ಇರುವವರಲ್ಲಿ ಕೆಮ್ಮೇ ಬಾರದೆಯೂ ಹೀಗಾಗುತ್ತದೆ. ಇಲ್ಲಿ ಮೇಲಿನ 'ಒಂದು ಮೆಟ್ಟಿಲು ಮೇಲೆ' ಮಾತು ಅನ್ವಯಿಸುವುದಿಲ್ಲ. ಪರೀಕ್ಷೆ ಆಗುವವರೆಗೆ ಮಿಕ್ಸಿಯೇ ಸರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲು ವಿಭಾಗಕ್ಕೆ ತೋರಿಸಿ, ನುಂಗುವ ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ಕೇಳಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೆಂದೇ ತಜ್ಞರಿದ್ದಾರೆ.

ಮನೆಯಲ್ಲಿ ನೆಟ್ಟಗೆ ಕೂರಿಸಿಯೇ ಉಣಿಸಿ, ಗದ್ದ ಸ್ವಲ್ಪ ತಗ್ಗಿರಲಿ, ಊಟ ಆಗಿ ಅರ್ಧ ಗಂಟೆ ಮಲಗಿಸಬೇಡಿ. ತುತ್ತು ಸಿಕ್ಕಿಕೊಂಡು ಉಸಿರು, ಮಾತು ಎರಡೂ ನಿಂತರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲ್ಭಾಗಕ್ಕೆ ಅಂಗೈ ಬುಡದಿಂದ ಐದು ಜೋರು ಪೆಟ್ಟು, ಬಿಡದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲೆ ಒಳಕ್ಕೆ ಮೇಲಕ್ಕೆ ಐದು ಸಲ ಒತ್ತು, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಬಾಯಿ ಒಣಗುತ್ತೆ ಅಂತಾರೆ.

ಎಂಜಲು ಇಲ್ಲದೆ ಅಗಿಯುವುದು ಒಣ ಹಿಟ್ಟು ಕಲಸಿದ ಹಾಗೆ. ಅಲರ್ಜಿ ಮಾತ್ರೆ, ಮೂತ್ರ ತಡೆದುಕೊಳ್ಳಲು ಆಗದವರಿಗೆ ಕೊಡುವ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಬಿಪಿಯ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಚೀಟಿ ತೋರಿಸಿ ಬದಲಿಸಬಹುದಾ ಅಂತ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಬಾಯಿ ತೊಳೆಯುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ತುಂಬಾ. ತುತ್ತಿನ ಹಾಗೇ ಬಾಯಿಯ ಕೊಳೆಯೂ ಶ್ವಾಸಕೋಶದ ಕಡೆ ಜಾರಬಹುದು. ಜಪಾನಿನಲ್ಲಿ ಹಿರಿಯರ 11 ಆರೈಕೆ ಮನೆಗಳಲ್ಲಿ 2 ವರ್ಷ ನೋಡಿದಾಗ, ಪ್ರತಿ ಊಟದ ನಂತರ ಬಾಯಿ ಶುಚಿ ಮಾಡಿಸಿದವರಲ್ಲಿ ನ್ಯುಮೋನಿಯಾ ಶೇ. 11, ಹಾಗೆ ಮಾಡಿಸದವರಲ್ಲಿ ಶೇ. 19. ಹಲ್ಲಿಲ್ಲದವರಿಗೂ ಒಸಡು, ನಾಲಿಗೆ ಒರೆಸಬೇಕು.

ಅಮ್ಮನಿಗೆ ಮರೆವಿನ ಕಾಯಿಲೆ. ಹೇಳಿದ್ದು ಅರ್ಥವೇ ಆಗಲ್ಲ.

ಹೇಳಬೇಡಿ, ತೋರಿಸಿ. ಎದುರಿಗೆ ಕೂತು ನೀವೇ ಬಾಯಿ ತೆರೆಯಿರಿ, ಕೆನ್ನೆ ಉಬ್ಬಿಸಿ. ಎಷ್ಟೋ ಸಲ ನೋಡಿ ಮಾಡುತ್ತಾರೆ. ಮಾಡದಿದ್ದರೆ ಬಿಡಿ, ಹಳೇ ಭಜನೆ ಹಾಕಿ. ಎಲ್ಲಾ ಮರೆತವರೂ ಭಜನೆಗೆ ದನಿ ಸೇರಿಸುವುದನ್ನು ನೋಡಿದ್ದೇನೆ, ಹಾಡುವಾಗ ದವಡೆ, ತುಟಿ, ನಾಲಿಗೆ, ಉಸಿರು ಎಲ್ಲಾ ಕೆಲಸ ಮಾಡುತ್ತವೆ. ಬಟ್ಟೆ ಕಚ್ಚಿಸುವ ವ್ಯಾಯಾಮ ಮಾತ್ರ ಇವರಿಗೆ ಬೇಡ. ಊಟ ಆದ ಮೇಲೆ ಕೆನ್ನೆಯೊಳಗೆ ತುತ್ತು ಉಳಿದಿದೆಯಾ ಅಂತ ದಿನಾ ನೋಡಿ.

ಅಪ್ಪಯ್ಯ ಒಪ್ಪೋದೇ ಇಲ್ಲ. "ಇನ್ನೆಷ್ಟು ದಿನ, ಬಿಡೇ" ಅಂತಾರೆ.

ಈ ಮಾತು ಪ್ರತಿ ಎರಡನೇ ಮನೆಯಲ್ಲಿ ಕೇಳುತ್ತೇನೆ. ಅವರ ಹತ್ತಿರ ದವಡೆ, ಶಕ್ತಿ, ಆರೋಗ್ಯ ಅಂತ ಮಾತಾಡಬೇಡಿ. ಮತ್ತೆ ಏನು ತಿನ್ನಬೇಕು ಅನಿಸುತ್ತದೆ ಅಂತ ಕೇಳಿ. ಹೊಸನಗರದ ಹತ್ತಿರ ಒಬ್ಬರು ಅಜ್ಜ ಹೀಗೇ ಮುಖ ತಿರುಗಿಸಿ ಮಲಗುತ್ತಿದ್ದರು. ಕೇಳಿದ್ದಕ್ಕೆ, "ಆಷಾಢದಲ್ಲಿ ಪತ್ರೊಡೆ ಮಾಡ್ತಾರೆ, ಎಲ್ಲರೂ ತಿಂತಾರೆ, ನನಗೆ ಮಾತ್ರ ಬಟ್ಟಲಲ್ಲಿ ಪೇಸ್ಟು" ಅಂದರು. ಆಗ ಇನ್ನೂ ಯುಗಾದಿ ಕಳೆದಿತ್ತು ಅಷ್ಟೇ. ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿದರು, ದಿನಾ ಬೆಳಿಗ್ಗೆ ಟವೆಲ್ ಬಿಸಿ ಮಾಡಿಕೊಟ್ಟರು. ಆಷಾಢದಲ್ಲಿ ನಾನು ಹೋದಾಗ ಎಳೆ ಕೆಸುವಿನ ಎಲೆಯಲ್ಲಿ ಚೆನ್ನಾಗಿ ಬೇಯಿಸಿ, ಸಣ್ಣಗೆ ಕತ್ತರಿಸಿ, ಕೊಬ್ಬರಿ ಎಣ್ಣೆ ಹಾಕಿ ಕೊಟ್ಟಿದ್ದರು. ಅಜ್ಜ ಅರ್ಧ ಗಂಟೆ ಹಿಡಿದು ನಾಲ್ಕು ತುಂಡು ತಿಂದರು, ಐದನೆಯದಕ್ಕೆ ತಟ್ಟೆ ಮುಂದೆ ಚಾಚಿದರು.